ಸೇಜ್‌ನಲ್ಲಿ (ಸೇಜ್‌ಮ್ಯಾತ್ ಗಣಿತ ಸಾಫ್ಟ್‌ವೇರ್) ಇಫ್-ಎಲ್ಸ್ ಇರುವ ಫಂಕ್ಷನ್ ಪ್ಲಾಟ್ ಮಾಡಿದರೆ ಬರೀ ಒಂದು ನೇರ ಗೆರೆ ಬರ್ತಿದೆ, ತಪ್ಪೆಲ್ಲಿ?

ಸ್ಲ್ಯಾಬ್_ರೇಖೆ (ಪ್ರಶ್ನೆ)

ತುಂಡು ತುಂಡಾಗಿ ಸೂತ್ರ ಬದಲಾಗುವ ಫಂಕ್ಷನ್‌ಗೆ ಪಾಠದಲ್ಲಿ ಉದಾಹರಣೆ ಬೇಕಿತ್ತು. ಹೊಸ ಪದ್ಧತಿಯ ಆದಾಯ ತೆರಿಗೆಯನ್ನೇ ತೆಗೆದುಕೊಂಡಿದ್ದೇನೆ, 2025-26ನೇ ಹಣಕಾಸು ವರ್ಷದ್ದು. ಸ್ಲ್ಯಾಬ್‌ಗಳು: 4 ಲಕ್ಷದವರೆಗೆ ಏನೂ ಇಲ್ಲ, 4ರಿಂದ 8ಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರಾಚೆ ಶೇ. 30. ಆದಾಯ 12 ಲಕ್ಷ ದಾಟದಿದ್ದರೆ 87ಎ ಕಲಮಿನ ರಿಬೇಟ್ (ತೆರಿಗೆ ರಿಯಾಯಿತಿ) ಸಿಕ್ಕಿ ತೆರಿಗೆ ಸೊನ್ನೆ. ಸೆಸ್ ಸೇರಿಸಿಲ್ಲ. ಎಕ್ಸ್ ಅಂದರೆ ಎಲ್ಲ ಕಡಿತ ಕಳೆದು ಉಳಿಯುವ, ತೆರಿಗೆಗೆ ಒಳಪಡುವ ಆದಾಯ. ಎಕ್ಸೂ ಲಕ್ಷದಲ್ಲೇ, ಉತ್ತರವೂ ಲಕ್ಷದಲ್ಲೇ.

ಓದಲು ಅನುಕೂಲವಾಗಲಿ ಅಂತ ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಮೆಷಿನ್‌ನಲ್ಲಿ ಕಮಾಂಡುಗಳನ್ನು ಎಂದಿನ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿರುವುದು.

    ಡೆಫ್ ತೆರಿಗೆ(ಎಕ್ಸ್):
        ಇಫ್ ಎಕ್ಸ್ <= 12:
            ರಿಟರ್ನ್ 0
        ಎಲಿಫ್ ಎಕ್ಸ್ <= 16:
            ರಿಟರ್ನ್ 0.6 + 0.15*(ಎಕ್ಸ್ - 12)
        ಎಲಿಫ್ ಎಕ್ಸ್ <= 20:
            ರಿಟರ್ನ್ 1.2 + 0.20*(ಎಕ್ಸ್ - 16)
        ಎಲಿಫ್ ಎಕ್ಸ್ <= 24:
            ರಿಟರ್ನ್ 2 + 0.25*(ಎಕ್ಸ್ - 20)
        ಎಲ್ಸ್:
            ರಿಟರ್ನ್ 3 + 0.30*(ಎಕ್ಸ್ - 24)

    ಪ್ಲಾಟ್(ತೆರಿಗೆ(ಎಕ್ಸ್), (ಎಕ್ಸ್, 0, 30))

ತೆರಿಗೆ(10) ಕೇಳಿದರೆ 0, ತೆರಿಗೆ(18) ಕೇಳಿದರೆ 1.6. ಎರಡೂ ಸರಿ. ಗ್ರಾಫ್‌ನಲ್ಲಿ ಮಾತ್ರ ಒಂದೇ ಒಂದು ನೇರ ಗೆರೆ: ಸೊನ್ನೆ ಆದಾಯದ ಹತ್ತಿರ ಮೈನಸ್ 4.2ರಿಂದ ಹೊರಟು, 14ರಲ್ಲಿ ಅಡ್ಡ ಅಕ್ಷ ದಾಟಿ, 30ಕ್ಕೆ 4.8 ಮುಟ್ಟುತ್ತದೆ. ಎರರ್ ಏನೂ ಇಲ್ಲ, ವಾರ್ನಿಂಗೂ ಇಲ್ಲ. ಬಿಡಿಬಿಡಿಯಾಗಿ ಕೇಳಿದರೆ ಸರಿ ಹೇಳುವ ಫಂಕ್ಷನ್ ಪ್ಲಾಟ್‌ನಲ್ಲಿ ಮಾತ್ರ ಯಾಕೆ ಕೈಕೊಡುತ್ತಿದೆ?

ಬೂಲಿಯನ್_ಬಸವ

ಆದಾಯವೇ ಇಲ್ಲದವರಿಗೆ ಸರ್ಕಾರ 4.2 ಲಕ್ಷ ಕೊಡುವ ಗ್ರಾಫ್, ಚೆನ್ನಾಗಿದೆ. ನಿಮ್ಮ ಫಂಕ್ಷನ್ ಸರಿಯಾಗಿದೆ ಸರ್. ಪ್ಲಾಟ್‌ಗೆ ಅದನ್ನು ಕೊಟ್ಟ ರೀತಿ ತಪ್ಪಿದೆ.

ಪ್ಲಾಟ್ ಬಿಟ್ಟು, ಬರೀ ತೆರಿಗೆ(ಎಕ್ಸ್) ಅಂತ ಒಂದು ಸೆಲ್‌ನಲ್ಲಿ ಓಡಿಸಿ ನೋಡಿ. ಹೀಗೆ ಬರುತ್ತದೆ:

    0.300000000000000*ಎಕ್ಸ್ - 4.20000000000000

ಇದು ನಿಮ್ಮ ಕೊನೆಯ ಎಲ್ಸ್ ಸಾಲು, 3 + 0.30*(ಎಕ್ಸ್ - 24), ಬಿಡಿಸಿ ಬರೆದದ್ದು. ಪೈಥಾನ್‌ನಲ್ಲಿ (ಸೇಜ್ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಯಾವ ಫಂಕ್ಷನ್ ಕರೆದರೂ ಮೊದಲು ಆವರಣದೊಳಗಿರುವುದರ ಬೆಲೆ ಕಟ್ಟಲಾಗುತ್ತದೆ. ಹಾಗಾಗಿ ಪ್ಲಾಟ್ ಶುರುವಾಗುವ ಮುಂಚೆಯೇ ತೆರಿಗೆ(ಎಕ್ಸ್) ಒಂದೇ ಒಂದು ಸಲ ಓಡಿ ಮುಗಿದಿರುತ್ತದೆ. ಆಗ ಎಕ್ಸ್‌ಗೆ ಯಾವ ಸಂಖ್ಯೆಯೂ ಇಲ್ಲ. ಸೇಜ್ ಶುರುವಾಗುವಾಗಲೇ ತಯಾರಿಟ್ಟಿರುವ ಸಂಕೇತ ಅದು, ಬರೀ ಅಕ್ಷರ.

"ಎಕ್ಸ್ <= 12" ಅನ್ನುವುದು ಆ ಹೊತ್ತಿಗೆ ಹೌದೂ ಅಲ್ಲ, ಅಲ್ಲವೂ ಅಲ್ಲ. ಅದೊಂದು ಅಸಮತೆ, ಅಷ್ಟೆ. ಆದರೆ ಇಫ್‌ಗೆ ಹೌದು ಅಥವಾ ಅಲ್ಲ, ಎರಡರಲ್ಲೊಂದು ಬೇಕೇ ಬೇಕು. ಸೇಜ್ ಇಲ್ಲಿ ಹಿಡಿದಿರುವ ಕ್ರಮ ಹೀಗೆ: ಅಸಮತೆ ನಿಜವೆಂದು ಸಾಧಿಸಲು ಆದರೆ ಟ್ರೂ, ಆಗದಿದ್ದರೆ ಫಾಲ್ಸ್. ಸಾಧಿಸಲು ಬೇಕಾದರೆ ಒಳಗಿರುವ ಮ್ಯಾಕ್ಸಿಮಾ ಎಂಬ ಇನ್ನೊಂದು ಗಣಿತ ಸಾಫ್ಟ್‌ವೇರನ್ನೂ ಕೇಳುತ್ತದೆ. ಎಕ್ಸ್ ಬಗ್ಗೆ ಏನೂ ಗೊತ್ತಿಲ್ಲದಿರುವಾಗ ಅದಕ್ಕೂ ಏನೂ ಹೇಳಲಾಗುವುದಿಲ್ಲ. ಹೀಗಾಗಿ

    ಬೂಲ್(ಎಕ್ಸ್ <= 12)
    ಬೂಲ್(ಎಕ್ಸ್ > 12)

ಎರಡಕ್ಕೂ ಫಾಲ್ಸ್ ಅಂತಲೇ ಉತ್ತರ. ಮೊದಲ ಸಲ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಇಲ್ಲಿ ಫಾಲ್ಸ್ ಅಂದರೆ "ಸುಳ್ಳು" ಅಂತಲ್ಲ, "ಸಾಧಿಸಲಾಗಲಿಲ್ಲ" ಅಂತ. ನಿಮ್ಮ ನಾಲ್ಕೂ ಷರತ್ತು ಹೀಗೆ ಫಾಲ್ಸ್ ಆಗಿ, ಎಲ್ಸ್ ಗೆದ್ದು, ಪ್ಲಾಟ್‌ನ ಕೈಗೆ ಸಿಕ್ಕಿದ್ದು ಒಂದು ಸರಳರೇಖೆಯ ಸೂತ್ರ ಮಾತ್ರ. ಅದು ಅದನ್ನೇ ನಿಯತ್ತಾಗಿ ಎಳೆದಿದೆ.

ಇದಕ್ಕೆ ಬೇಕಿರುವುದು ಆವರಣ ತೆಗೆಯುವುದಷ್ಟೇ:

    ಪ್ಲಾಟ್(ತೆರಿಗೆ, (0, 30))

ಈಗ ಪ್ಲಾಟ್‌ಗೆ ಸಿಕ್ಕಿರುವುದು ಉತ್ತರವಲ್ಲ, ಫಂಕ್ಷನ್ನೇ. ಒಂದೊಂದು ಬಿಂದುವಿಗೂ ತೆರಿಗೆ(0.15), ತೆರಿಗೆ(0.30) ಅಂತ ನಿಜವಾದ ಸಂಖ್ಯೆ ಇಟ್ಟು ಅದೇ ಕರೆಯುತ್ತದೆ, ಇಫ್‌ಗೆ ಸರಿಯಾದ ಹೌದು-ಅಲ್ಲ ಸಿಗುತ್ತದೆ. ರೇಂಜ್‌ನಲ್ಲಿ ಎಕ್ಸ್ ಹೆಸರೂ ಬೇಡ, ಎರಡು ತುದಿ ಸಾಕು.

ಫಂಕ್ಷನ್‌ಗೆ ಎರಡು ಇನ್‌ಪುಟ್ ಇದ್ದರೆ, ಉದಾಹರಣೆಗೆ ತೆರಿಗೆ(ಎಕ್ಸ್, ಕಡಿತ) ಅಂತ ಇದ್ದರೆ, ಬರೀ ಹೆಸರು ಕೊಟ್ಟರೆ ಸಾಲದು. ಎರಡನೆಯದನ್ನು ಕಟ್ಟಿಹಾಕಿ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಮಾಡಿ ಕೊಡಿ:

    ಪ್ಲಾಟ್(ಲ್ಯಾಂಬ್ಡಾ ಟಿ: ತೆರಿಗೆ(ಟಿ, 0.75), (0, 30))

ಇನ್ನೊಂದು ವಿಷಯ: ಪೈಥಾನ್ 3ರಲ್ಲಿ ಫಂಕ್ಷನ್ ಹೆಸರು ನಿಜಕ್ಕೂ ಕನ್ನಡದಲ್ಲಿ ಇಡಬಹುದು, ತೆರಿಗೆ ಅಂತಲೇ. ಡೆಫ್, ಇಫ್, ರಿಟರ್ನ್ ಮಾತ್ರ ಇಂಗ್ಲಿಷ್. ಒತ್ತಕ್ಷರ ತಡೆಯಲು ಕೀಬೋರ್ಡ್ ಹಾಕುವ ಕಣ್ಣಿಗೆ ಕಾಣದ ಅಕ್ಷರ ಹೆಸರಿನೊಳಗೆ ಸೇರಿದರೆ ಸಿಂಟ್ಯಾಕ್ಸ್ ಎರರ್ ಬರುತ್ತದೆ. ತೆರಿಗೆಯಲ್ಲಿ ಆ ತೊಂದರೆ ಇಲ್ಲ, "ಪ್ಲಾಟ್‌ಗೆ" ಥರದ ಹೆಸರು ಬೇಡ.

ಸ್ಲ್ಯಾಬ್_ರೇಖೆ

ಆವರಣ ತೆಗೆದೆ, ಬಂತು! ಧನ್ಯವಾದ. ಒಂದು ಅನುಮಾನ. ಡೆಫ್ ಬದಲು ಸೇಜ್‌ನ ಗಣಿತದ ಶೈಲಿಯಲ್ಲೇ ಎಫ್(ಎಕ್ಸ್) = ... ಅಂತ ಬರೆದರೆ ಅದು ಸಂಕೇತಗಳ ಫಂಕ್ಷನ್ ಆಗುತ್ತದಲ್ಲ, ಆಗ ಈ ತೊಂದರೆ ಇರಲ್ಲವೇ? ಸ್ಲ್ಯಾಬ್‌ಗೆ ಮ್ಯಾಕ್ಸ್ ಹಾಕಿ ಒಂದೇ ಸಾಲಲ್ಲಿ ಬರೆಯೋಣ ಅಂತ ಯೋಚನೆ.

ಬೂಲಿಯನ್_ಬಸವ

ಇರುತ್ತದೆ, ಇನ್ನೂ ಕೆಟ್ಟದಾಗಿ.

    ಎಫ್(ಎಕ್ಸ್) = 0 ಇಫ್ ಎಕ್ಸ್ <= 12 ಎಲ್ಸ್ ಎಕ್ಸ್ - 12

ಈ ಸಾಲು ಓಡಿದ ಗಳಿಗೆಯಲ್ಲೇ ಬಲಗಡೆಯದನ್ನು ಲೆಕ್ಕ ಹಾಕಿ ಎಕ್ಸ್ - 12 ಅಂತ ನಿಗದಿ ಮಾಡಿಬಿಡುತ್ತದೆ. ಆಮೇಲೆ ಎಫ್(5) ಕೇಳಿದರೂ ಮೈನಸ್ 7. ಡೆಫ್‌ನಲ್ಲಿ ಸಂಖ್ಯೆ ಕೊಟ್ಟಾಗಲಾದರೂ ಸರಿ ಉತ್ತರ ಬರುತ್ತಿತ್ತು, ಇಲ್ಲಿ ಅದೂ ಇಲ್ಲ.

ಮ್ಯಾಕ್ಸ್ ಬಗ್ಗೆ ಇನ್ನೂ ಎಚ್ಚರ ಬೇಕು. ಪೈಥಾನ್‌ನ ಮ್ಯಾಕ್ಸ್ ಒಳಗೊಳಗೇ ಹೋಲಿಕೆ ಮಾಡುತ್ತದೆ, ಅಂದರೆ ಅದರೊಳಗೂ ಕಾಣದ ಇಫ್ ಒಂದಿದೆ. ಮೊದಲನೆಯದನ್ನು ಕೈಯಲ್ಲಿ ಹಿಡಿದುಕೊಂಡು, ಮುಂದಿನದು ಅದಕ್ಕಿಂತ ದೊಡ್ಡದೇ ಅಂತ ಕೇಳುತ್ತದೆ. ಸಾಧಿಸಲಾಗದ್ದಕ್ಕೆ ಫಾಲ್ಸ್, ಹಾಗಾಗಿ ಕೈಯಲ್ಲಿದ್ದದ್ದೇ ಉಳಿಯುತ್ತದೆ. ಅದಕ್ಕೇ

    ಮ್ಯಾಕ್ಸ್(0, ಎಕ್ಸ್ - 4)    →  0
    ಮ್ಯಾಕ್ಸ್(ಎಕ್ಸ್ - 4, 0)    →  ಎಕ್ಸ್ - 4

ಬರೆದ ಕ್ರಮದ ಮೇಲೆ ಗಣಿತವೇ ಬದಲಾಗುತ್ತಿದೆ ನೋಡಿ. ಸೇಜ್‌ನಲ್ಲಿ ಇದಕ್ಕೆಂದೇ ಮ್ಯಾಕ್ಸ್_ಸಿಂಬಾಲಿಕ್, ಮಿನ್_ಸಿಂಬಾಲಿಕ್ ಇವೆ. ಇವು ಸಂಖ್ಯೆ ಸಿಗುವ ತನಕ ಕಾಯುತ್ತವೆ.

ಅವನ್ನು ಬಳಸುವುದಾದರೆ ನಿಮ್ಮ ಉದಾಹರಣೆ ಸೊಗಸಾಗಿ ಕೂರುತ್ತದೆ. ಈ ಸ್ಲ್ಯಾಬ್‌ಗಳಲ್ಲಿ ಪ್ರತಿ 4 ಲಕ್ಷಕ್ಕೊಮ್ಮೆ ದರ ಸರಿಯಾಗಿ ಶೇ. 5 ಏರುತ್ತದೆ: 4, 8, 12, 16, 20, 24. ಆದ್ದರಿಂದ ರಿಬೇಟ್ ಬಿಟ್ಟರೆ ಇಡೀ ಪಟ್ಟಿ ಆರು ಪದಗಳ ಮೊತ್ತ:

    ಟಿ = 1/20 * ಸಮ್([ಮ್ಯಾಕ್ಸ್_ಸಿಂಬಾಲಿಕ್(0, ಎಕ್ಸ್ - 4*ಕೆ) ಫಾರ್ ಕೆ ಇನ್ [1..6]])

ತಾಳೆ ನೋಡಿ. ಎಕ್ಸ್ 12 ಆದರೆ (8 + 4)/20, ಅಂದರೆ 0.6. ಎಕ್ಸ್ 24 ಆದರೆ (20 + 16 + 12 + 8 + 4)/20, ಅಂದರೆ 3. ನಿಮ್ಮ ಇಫ್ ಏಣಿಯಲ್ಲಿರುವ 0.6, 3 ಇವೇ. ಇದು ಸಂಕೇತಗಳಲ್ಲೇ ಬರೆದ ಸೂತ್ರವಾದ್ದರಿಂದ ಪ್ಲಾಟ್(ಟಿ, (ಎಕ್ಸ್, 0, 30)) ಅಂತ ಧೈರ್ಯವಾಗಿ ಬರೆಯಬಹುದು.

0.05 ಬದಲು 1/20 ಹಾಕಿದ್ದು ಬೇಕೆಂತಲೇ. ಸೇಜ್‌ನಲ್ಲಿ 1/20 ಪೂರ್ತಿ ಭಿನ್ನರಾಶಿಯಾಗಿ ಉಳಿಯುತ್ತದೆ, ಮುಂದೆ ಸಮೀಕರಣ ಬಿಡಿಸುವಾಗ ಬಾಲ ಬೆಳೆಯುವುದಿಲ್ಲ.

ಗೆರೆ_ಮತ್ತು_ಬಿಂದು

ಆವರಣ ತೆಗೆದ ಮೇಲೆ ಬಂದ ಗ್ರಾಫನ್ನು 12ರ ಹತ್ತಿರ ಹಿಗ್ಗಿಸಿ ನೋಡಿದಿರಾ? 0ರಿಂದ 0.6ಕ್ಕೆ ಒಂದು ಗೆರೆ ಎದ್ದು ನಿಂತಿರುತ್ತದೆ. ನಿಮ್ಮ ಸೂತ್ರದಲ್ಲಿ ಅಲ್ಲಿ ಗೆರೆಯೇ ಇಲ್ಲ, ಬರೀ ನೆಗೆತ. ಪ್ಲಾಟ್‌ಗೆ ಅದು ಗೊತ್ತಿಲ್ಲ. ಅದು ಬಿಂದುಗಳನ್ನು ಲೆಕ್ಕ ಹಾಕಿ ಪಕ್ಕಪಕ್ಕದವನ್ನು ಜೋಡಿಸುತ್ತದೆ, ಅಷ್ಟೆ.

ಸೇಜ್ ಮೊದಲಿಗೆ ತೆಗೆದುಕೊಳ್ಳುವುದು 200 ಬಿಂದು. 0ರಿಂದ 30ಕ್ಕೆ 199 ಸಂದು, ಒಂದೊಂದು ಸುಮಾರು 0.15, ಅಂದರೆ 15 ಸಾವಿರ ರೂಪಾಯಿ. ಆಮೇಲೆ ಗೆರೆ ಜೋರಾಗಿ ಬಾಗುವ ಕಡೆ ಸಂದನ್ನು ಅರ್ಧ ಮಾಡುತ್ತಾ ಹೋಗುತ್ತದೆ, ಹೆಚ್ಚೆಂದರೆ 5 ಸುತ್ತು. ನೆಗೆತದ ಜಾಗದಲ್ಲಿ ಎಷ್ಟು ಅರ್ಧ ಮಾಡಿದರೂ ನೆಗೆತ ಕರಗುವುದಿಲ್ಲ, ಗೆರೆ ಇನ್ನಷ್ಟು ನೆಟ್ಟಗಾಗುತ್ತದೆ. ಬಿಂದುಗಳನ್ನು ಸ್ವಲ್ಪ ಅತ್ತಿತ್ತ ಸರಿಸಿ ಇಡುವುದೂ ಸೇಜ್‌ನ ರೂಢಿ, ರ‍್ಯಾಂಡಮೈಸ್ ಅನ್ನುವ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ. ಎರಡು ಸಲ ಓಡಿಸಿದರೆ ಗೆರೆಯ ಓರೆ ಕೂದಲೆಳೆಯಷ್ಟು ಬೇರೆ ಕಂಡರೆ ಗಾಬರಿ ಬೇಡ.

ಕತ್ತರಿಸಲು ಎಕ್ಸ್‌ಕ್ಲೂಡ್ ಕೊಡಿ:

    ಜಿ = ಪ್ಲಾಟ್(ತೆರಿಗೆ, (0, 30), ಎಕ್ಸ್‌ಕ್ಲೂಡ್=[12])
    ಜಿ += ಪಾಯಿಂಟ್((12, 0), ಸೈಜ್=40, ಕಲರ್='ಬ್ಲೂ')
    ಜಿ += ಪಾಯಿಂಟ್((12, 0.6), ಸೈಜ್=40, ಕಲರ್='ವೈಟ್', ಮಾರ್ಕರ್‌ಎಡ್ಜ್‌ಕಲರ್='ಬ್ಲೂ', ಝಡ್‌ಆರ್ಡರ್=10)
    ಜಿ.ಶೋ()

ತುಂಬಿದ ಚುಕ್ಕಿ ಕೆಳಗೆ, ಟೊಳ್ಳು ಚುಕ್ಕಿ ಮೇಲೆ. ಷರತ್ತು <= 12 ಇರುವುದರಿಂದ 12ರ ಬೆಲೆ 0. ಅದು < 12 ಆಗಿದ್ದರೆ ಚುಕ್ಕಿಗಳು ಅದಲುಬದಲು. ಝಡ್‌ಆರ್ಡರ್ ಮರೆತರೆ ಟೊಳ್ಳು ಚುಕ್ಕಿಯ ಮೇಲೆ ಗೆರೆ ಹರಿದು ಹೋಗುವುದುಂಟು. ಡಿಟೆಕ್ಟ್_ಪೋಲ್ಸ್ ಅಂತ ಇನ್ನೊಂದು ಆಯ್ಕೆ ಕಾಣುತ್ತದೆ. ಅದು 1/ಎಕ್ಸ್, ಟ್ಯಾನ್ ಥರ ಅನಂತಕ್ಕೆ ಹಾರುವವಕ್ಕೆ. ಇಂಥ ನೆಗೆತಕ್ಕೆ ಎಕ್ಸ್‌ಕ್ಲೂಡೇ ಸರಿ.

ಇಷ್ಟು ಹೇಳಿದ ಮೇಲೆ ಮುಖ್ಯ ತಕರಾರು: ತೆರಿಗೆ ಕಾನೂನಿನಲ್ಲಿ ಈ ನೆಗೆತ ಇಲ್ಲ! 12 ಲಕ್ಷದ ಮೇಲೆ ಒಂದು ರೂಪಾಯಿ ಬಂದರೆ 60 ಸಾವಿರ ಕಟ್ಟು ಅನ್ನುವುದಿಲ್ಲ. ಮಾರ್ಜಿನಲ್ ರಿಲೀಫ್ ಇದೆ. 12 ಲಕ್ಷದ ಮೇಲೆ ಎಷ್ಟು ಆದಾಯ ಹೆಚ್ಚಾಯಿತೋ ಅದಕ್ಕಿಂತ ತೆರಿಗೆ ಹೆಚ್ಚಾಗುವಂತಿಲ್ಲ. ಸ್ವಲ್ಪ ದೂರದವರೆಗೆ ತೆರಿಗೆ ಅಂದರೆ ಎಕ್ಸ್ - 12 ಅಷ್ಟೆ. ಎಲ್ಲಿಯವರೆಗೆ ಅನ್ನುವುದನ್ನು ಸೇಜನ್ನೇ ಕೇಳಿ:

    ಸಾಲ್ವ್(3/5 + 3/20*(ಎಕ್ಸ್ - 12) == ಎಕ್ಸ್ - 12, ಎಕ್ಸ್)
    →  [ಎಕ್ಸ್ == (216/17)]

216/17 ಅಂದರೆ 12.70588..., ರೂಪಾಯಿಯಲ್ಲಿ 12,70,588 ಮತ್ತು ಚಿಲ್ಲರೆ. ಭಿನ್ನರಾಶಿಯಲ್ಲಿ ಬರೆದದ್ದರ ಲಾಭ ಇದು. ಗ್ರಾಫ್‌ನಲ್ಲಿ 12ರಿಂದ ಇಲ್ಲಿಯವರೆಗೆ ಇಳಿಜಾರು 1, ಅಂದರೆ ಹೆಚ್ಚುವರಿ ಗಳಿಸಿದ್ದೆಲ್ಲ ತೆರಿಗೆಗೇ. ಅದಾದ ಮೇಲೆ ಇಳಿಜಾರು ದಿಢೀರನೆ 0.15ಕ್ಕೆ ಬೀಳುತ್ತದೆ. ತರಗತಿಗೆ ಒಯ್ಯುವುದಾದರೆ ನೆಗೆತಕ್ಕಿಂತ ಈ ಮೊಣಕೈಯೇ ಒಳ್ಳೆಯ ಉದಾಹರಣೆ: ಫಂಕ್ಷನ್ ಎಲ್ಲೂ ಕಡಿಯುವುದಿಲ್ಲ, ಅವಕಲನ ಮಾತ್ರ ಕಡಿಯುತ್ತದೆ.

ಬಸವ ಅವರ ಟಿ ಇಟ್ಟುಕೊಂಡರೆ ಇದೆಲ್ಲ ಒಂದೇ ಸಾಲು:

    ಮಿನ್_ಸಿಂಬಾಲಿಕ್(ಟಿ, ಮ್ಯಾಕ್ಸ್_ಸಿಂಬಾಲಿಕ್(0, ಎಕ್ಸ್ - 12))

12ರ ಕೆಳಗೆ ಎರಡನೆಯದು 0, ಅದೇ ಚಿಕ್ಕದು. 12ರಿಂದ 216/17ರವರೆಗೆ ಎಕ್ಸ್ - 12 ಚಿಕ್ಕದು. ಆಮೇಲೆ ಟಿ ಚಿಕ್ಕದು. ರಿಬೇಟ್, ರಿಲೀಫ್, ಸ್ಲ್ಯಾಬ್ ಮೂರೂ ಬಂದವು, ಇಫ್ ಒಂದೂ ಇಲ್ಲ. ಬರೀ 0.7 ಅಗಲದ ಈ ಕಡಿದಾದ ತುಂಡಿಗೆ 200ರಲ್ಲಿ ನಾಲ್ಕೈದು ಬಿಂದು ಮಾತ್ರ ಬೀಳುತ್ತವೆ. 0ರಿಂದ 30 ಪೂರ್ತಿ ತೋರಿಸುವಾಗ ಪ್ಲಾಟ್_ಪಾಯಿಂಟ್ಸ್=1000 ಹಾಕಿ, ಅಥವಾ 11ರಿಂದ 14ಕ್ಕೆ ಬೇರೆಯೇ ಗ್ರಾಫ್ ತೆಗೆಯಿರಿ. ನನ್ನ ಓಟು ಎರಡನೆಯದಕ್ಕೆ.

ಅರ್ಧ_ಅವಧಿ

ತುಂಡು ತುಂಡಾಗಿ ಸೂತ್ರ ಕೊಡಲು ಸೇಜ್‌ನಲ್ಲಿರುವ ಪೀಸ್‌ವೈಸ್ ಬಗ್ಗೆ ಯಾರೂ ಹೇಳಲಿಲ್ಲ. ಬರೀ ಗ್ರಾಫ್ ಬೇಕಿದ್ದರೆ ಡೆಫ್ ಸಾಕು. ಸಮಾಕಲನ, ಫೂರಿಯೆ ಶ್ರೇಣಿ ಬೇಕಿದ್ದರೆ ಡೆಫ್ ಉಪಯೋಗಕ್ಕೆ ಬಾರದು, ಒಳಗೇನಿದೆ ಅಂತ ಸೇಜ್‌ಗೆ ಕಾಣುವುದೇ ಇಲ್ಲ. ಆಗ:

    ಪಿ = ಪೀಸ್‌ವೈಸ್([
        ([0, 12], 0),
        ((12, 216/17), ಎಕ್ಸ್ - 12),
        ([216/17, 16], 3/5 + 3/20*(ಎಕ್ಸ್ - 12)),
        (ರಿಯಲ್‌ಸೆಟ್.ಓಪನ್_ಕ್ಲೋಸ್ಡ್(16, 20), 6/5 + 1/5*(ಎಕ್ಸ್ - 16)),
        (ರಿಯಲ್‌ಸೆಟ್.ಓಪನ್_ಕ್ಲೋಸ್ಡ್(20, 24), 2 + 1/4*(ಎಕ್ಸ್ - 20)),
        (ರಿಯಲ್‌ಸೆಟ್.ಓಪನ್_ಕ್ಲೋಸ್ಡ್(24, 30), 3 + 3/10*(ಎಕ್ಸ್ - 24))])

ಆವರಣದ ಆಕಾರ ಇಲ್ಲಿ ಅಲಂಕಾರಕ್ಕಲ್ಲ. ಚೌಕ ಆವರಣ ಅಂದರೆ ಎರಡೂ ತುದಿ ಸೇರಿದೆ, ದುಂಡು ಆವರಣ ಅಂದರೆ ಎರಡೂ ತುದಿ ಬಿಟ್ಟಿದೆ. ಒಂದು ತುದಿ ಸೇರಿಸಿ ಇನ್ನೊಂದು ಬಿಡಬೇಕಾದರೆ ರಿಯಲ್‌ಸೆಟ್ ಬೇಕು. ಇದರಲ್ಲಿ ಎರಡು ರೀತಿಯ ತಪ್ಪು ಆಗುತ್ತದೆ.

[0, 12], [12, 16] ಅಂತ ಎರಡೂ ಕಡೆ ಚೌಕ ಹಾಕಿದರೆ 12 ಎರಡು ಮನೆಯಲ್ಲೂ ಸಿಕ್ಕಿ, "ಡೊಮೈನ್ಸ್ ಮಸ್ಟ್ ಬಿ ಪೇರ್‌ವೈಸ್ ಡಿಸ್‌ಜಾಯಿಂಟ್" ಅಂತ ಅಲ್ಲೇ ಎರರ್. ಇದು ಒಳ್ಳೆಯ ತಪ್ಪು, ತಕ್ಷಣ ಸಿಕ್ಕಿಬೀಳುತ್ತದೆ. (0, 12), (12, 16) ಅಂತ ಎರಡೂ ಕಡೆ ದುಂಡು ಹಾಕಿದರೆ ಬರೆಯುವಾಗ ಏನೂ ಅನ್ನುವುದಿಲ್ಲ. ಎಷ್ಟೋ ಹೊತ್ತಾದ ಮೇಲೆ ಪಿ(12) ಕೇಳಿದಾಗ ಆ ಬಿಂದು ಡೊಮೈನ್‌ನಲ್ಲೇ ಇಲ್ಲ ಅನ್ನುತ್ತದೆ. ಮೇಲಿನದರಲ್ಲಿ ಪಿ(31) ಕೇಳಿದರೂ ಅದೇ ಮಾತು, ಏಕೆಂದರೆ ನಾವು 30ಕ್ಕೇ ನಿಲ್ಲಿಸಿದ್ದೇವೆ.

ಎಂಜಿನಿಯರಿಂಗ್ ಗಣಿತದಲ್ಲಿ ಬರುವ ಚೌಕ ಅಲೆಗೆ ಇದು ಹೇಳಿ ಮಾಡಿಸಿದ ಹಾಗಿದೆ:

    ಕ್ಯೂ = ಪೀಸ್‌ವೈಸ್([((-ಪೈ, 0), -1), ((0, ಪೈ), 1)], ವಾರ್=ಎಕ್ಸ್)
    ಕ್ಯೂ.ಫೂರಿಯರ್_ಸೀರೀಸ್_ಸೈನ್_ಕೊಎಫಿಶಿಯೆಂಟ್(3, ಪೈ)
    →  4/3/ಪೈ

ಬೆಸ ಎನ್‌ಗೆ 4/(ಎನ್·ಪೈ), ಸಮ ಎನ್‌ಗೆ 0, ಕೈಲೆಕ್ಕದ ಉತ್ತರವೇ. ಆಂಶಿಕ ಮೊತ್ತ ಬೇಕಾದರೆ ಕ್ಯೂ.ಫೂರಿಯರ್_ಸೀರೀಸ್_ಪಾರ್ಶಿಯಲ್_ಸಮ್(15, ಪೈ), ಅದನ್ನು ನೇರವಾಗಿ ಪ್ಲಾಟ್ ಮಾಡಬಹುದು. ಸೊನ್ನೆಯ ಪಕ್ಕದಲ್ಲಿ ಗೆರೆ 1 ದಾಟಿ 1.18ರ ಸುತ್ತ ಕೊಂಬು ಮೂಡಿಸುತ್ತದೆ. ಪ್ಲಾಟ್_ಪಾಯಿಂಟ್ಸ್ ಎಷ್ಟು ಏರಿಸಿದರೂ ಹೋಗುವುದಿಲ್ಲ, ಪದಗಳ ಸಂಖ್ಯೆ ಏರಿಸಿದರೂ ಎತ್ತರ ಹಾಗೇ ಇದ್ದು ಕೊಂಬು ಸಪೂರವಾಗುತ್ತದೆ ಅಷ್ಟೆ. ಅದು ಗಿಬ್ಸ್ ಪರಿಣಾಮ. ಸಾಫ್ಟ್‌ವೇರನ್ನು ಬೈಯಬೇಡಿ.

ಸ್ಲ್ಯಾಬ್_ರೇಖೆ

ಮಾರ್ಜಿನಲ್ ರಿಲೀಫ್ ಪೂರ್ತಿ ಮರೆತಿದ್ದೆ, ಸರಿಪಡಿಸಿದೆ. 11ರಿಂದ 14ರ ಗ್ರಾಫ್ ಬಹಳ ಚೆನ್ನಾಗಿ ಬಂತು. ಲ್ಯಾಬ್‌ನ ಕಂಪ್ಯೂಟರುಗಳಲ್ಲಿ ಸೇಜ್ ಇಲ್ಲ. ಮ್ಯಾಕ್ಸಿಮಾ ಮತ್ತು ಪೈಥಾನ್ ಜೊತೆ ಸಿಂಪೈ (ಸಂಕೇತಗಳ ಗಣಿತಕ್ಕೆ), ನಂಪೈ (ಸಂಖ್ಯೆಗಳ ಲೆಕ್ಕಕ್ಕೆ) ಲೈಬ್ರರಿಗಳಿವೆ. ಅಲ್ಲೂ ಇದೇ ಆವರಣದ ಕಥೆಯೇ?

ಹಳೇ_ಮ್ಯಾಕ್ಸಿಮಾ

ಮ್ಯಾಕ್ಸಿಮಾ ಈ ವಿಷಯದಲ್ಲಿ ಸೇಜ್‌ಗಿಂತ ಸಾಧು. ಅದರ ಇಫ್ ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಅಂತ ಇಫ್ ಅನ್ನೇ ವಾಪಸ್ ಕೊಡುತ್ತದೆ, ಊಹೆ ಮಾಡುವುದಿಲ್ಲ.

    ಎಫ್(ಎಕ್ಸ್) := ಇಫ್ ಎಕ್ಸ್ <= 12 ದೆನ್ 0
       ಎಲ್ಸ್‌ಇಫ್ ಎಕ್ಸ್ <= 216/17 ದೆನ್ ಎಕ್ಸ್ - 12
       ಎಲ್ಸ್‌ಇಫ್ ಎಕ್ಸ್ <= 16 ದೆನ್ 3/5 + 3/20*(ಎಕ್ಸ್ - 12)
       ಎಲ್ಸ್ 6/5 + 1/5*(ಎಕ್ಸ್ - 16)$
    ಪ್ಲಾಟ್2ಡಿ(ಎಫ್(ಎಕ್ಸ್), [ಎಕ್ಸ್, 0, 20], [ಎನ್‌ಟಿಕ್ಸ್, 200])$

ಎಲ್ಸ್‌ಇಫ್ ಒಂದೇ ಪದ. ಪ್ರೆಡ್‌ಎರರ್ ಅನ್ನುವುದನ್ನು ಯಾರಾದರೂ ಟ್ರೂ ಮಾಡಿಟ್ಟಿದ್ದರೆ ಮಾತ್ರ ಎಫ್(ಎಕ್ಸ್) ಎರರ್ ಕೊಡುತ್ತದೆ. ಆಗ ಹೆಸರಷ್ಟೇ ಕೊಡಿ: ಪ್ಲಾಟ್2ಡಿ(ಎಫ್, [ಎಕ್ಸ್, 0, 20]). ಒಳಗೆ ಫಾರ್, ವೈಲ್ ಇದ್ದರೂ ಹೀಗೇ ಕೊಡುವುದು ಕ್ಷೇಮ. ಎನ್‌ಟಿಕ್ಸ್ ಹಾಕಿದ್ದು ಯಾಕೆಂದರೆ ಮ್ಯಾಕ್ಸಿಮಾ ಶುರುವಿನಲ್ಲಿ 29 ಬಿಂದು ಮಾತ್ರ ಇಡುತ್ತದೆ, 0.7 ಅಗಲದ ತುಂಡು ಅದರ ಕಣ್ಣು ತಪ್ಪಿಸಿಕೊಳ್ಳಬಹುದು.

4 < ಎಕ್ಸ್ < 8 ಅಂತ ಸರಪಳಿ ಬರೆಯಬೇಡಿ, ಸಿಂಟ್ಯಾಕ್ಸ್ ಎರರ್. 4 < ಎಕ್ಸ್ ಆಂಡ್ ಎಕ್ಸ್ < 8 ಅನ್ನಿ. ಇಫ್ ಇರುವ ಎಫ್ ಅನ್ನು ಇಂಟಿಗ್ರೇಟ್‌ಗೆ ಕೊಟ್ಟರೆ ಪ್ರಶ್ನೆಯನ್ನೇ ಹಾಗೇ ಹಿಂತಿರುಗಿಸುತ್ತದೆ. ಸಂಖ್ಯೆ ಸಾಕಾದರೆ ಕ್ವಾಡ್_ಕ್ಯೂಎಜಿಎಸ್(ಎಫ್(ಎಕ್ಸ್), ಎಕ್ಸ್, 0, 20).

ಇನ್ನೊಂದು ಎಡವು. ಜಿ(ಎಕ್ಸ್) := ಡಿಫ್(ಎಕ್ಸ್^3, ಎಕ್ಸ್) ಅಂತ ಬರೆದು ಜಿ(3) ಕೇಳಿದರೆ ಎರರ್. ನಿಮ್ಮ ಸೇಜ್ ತೊಂದರೆಯ ಕನ್ನಡಿ ಬಿಂಬ ಇದು: ಅಲ್ಲಿ ಬೇಗ ಲೆಕ್ಕ ಹಾಕಿ ಕೆಟ್ಟಿತು, ಇಲ್ಲಿ ತಡವಾಗಿ ಲೆಕ್ಕ ಹಾಕಿ ಕೆಡುತ್ತದೆ. := ಬಲಗಡೆಯದನ್ನು ಮುಟ್ಟದೆ ಇಟ್ಟುಕೊಂಡು, ಕರೆದಾಗ ಎಕ್ಸ್ ಇದ್ದಲ್ಲೆಲ್ಲ 3 ತುಂಬಿ, 3ನ್ನು ಚಲಾಂಕವಾಗಿಟ್ಟು ಅವಕಲನ ಮಾಡಲು ಹೊರಡುತ್ತದೆ. ಡಿಫೈನ್(ಜಿ(ಎಕ್ಸ್), ಡಿಫ್(ಎಕ್ಸ್^3, ಎಕ್ಸ್)) ಅಂದರೆ ಮೊದಲೇ ಅವಕಲನ ಮುಗಿಸಿಟ್ಟುಕೊಳ್ಳುತ್ತದೆ.

ಗೆರೆ_ಮತ್ತು_ಬಿಂದು

ಸಿಂಪೈ ಕಟ್ಟುನಿಟ್ಟು. ಸಂಕೇತ ಎಕ್ಸ್ ಕೊಟ್ಟು ನಿಮ್ಮ ಡೆಫ್ ಕರೆದರೆ ಮೊದಲ ಇಫ್‌ನಲ್ಲೇ ಟೈಪ್‌ಎರರ್, "ಕೆನಾಟ್ ಡಿಟರ್ಮಿನ್ ಟ್ರೂತ್ ವ್ಯಾಲ್ಯೂ ಆಫ್ ರಿಲೇಶನಲ್". ತಪ್ಪು ಗ್ರಾಫ್‌ಗಿಂತ ಇದು ನೂರು ಪಾಲು ಮೇಲು. ಮೇಪಲ್ ಎಂಬ ಗಣಿತ ಸಾಫ್ಟ್‌ವೇರ್ ಕೂಡ ಇದೇ ಧಾಟಿಯಲ್ಲಿ ನಿಲ್ಲಿಸುತ್ತದೆ. ಅಲ್ಲಿ ಪ್ಲಾಟ್(ಎಫ್, 0..30) ಅಥವಾ ಒಂಟಿ ಉದ್ಧರಣ ಚಿಹ್ನೆ ಹಾಕಿ ಪ್ಲಾಟ್('ಎಫ್(ಎಕ್ಸ್)', ಎಕ್ಸ್=0..30), ನೆಗೆತ ಕತ್ತರಿಸಲು ಡಿಸ್ಕಾಂಟ್=ಟ್ರೂ.

ಸಿಂಪೈನಲ್ಲಿ ಪೀಸ್‌ವೈಸ್ ಬರೆಯುವ ಕ್ರಮ ಸೇಜ್‌ಗಿಂತ ಬೇರೆ: ಮೊದಲು ಸೂತ್ರ, ಆಮೇಲೆ ಷರತ್ತು. ಮೇಲಿನಿಂದ ಕೆಳಗೆ ನೋಡಿ ಮೊದಲು ನಿಜವಾದದ್ದನ್ನು ಹಿಡಿಯುತ್ತದೆ, ಹಾಗಾಗಿ ಸಾಲುಗಳ ಕ್ರಮ ಮುಖ್ಯ. ಕೊನೆಯದಕ್ಕೆ ಷರತ್ತಿನ ಜಾಗದಲ್ಲಿ ಟ್ರೂ.

    ಪೀಸ್‌ವೈಸ್((0, ಎಕ್ಸ್ <= 12), (ಎಕ್ಸ್ - 12, ಎಕ್ಸ್ <= ರ‍್ಯಾಷನಲ್(216, 17)), ..., (3 + 3*(ಎಕ್ಸ್ - 24)/10, ಟ್ರೂ))

ರ‍್ಯಾಷನಲ್ ಯಾಕೆಂದರೆ ಬರೀ ಪೈಥಾನ್‌ನಲ್ಲಿ 216/17 ದಶಮಾಂಶವಾಗಿಬಿಡುತ್ತದೆ. 4 < ಎಕ್ಸ್ < 8 ಇಲ್ಲೂ ಅದೇ ಟೈಪ್‌ಎರರ್ ಕೊಡುತ್ತದೆ. (4 < ಎಕ್ಸ್) & (ಎಕ್ಸ್ < 8) ಅಂತ ಬರೆಯಿರಿ, ಆ ಆವರಣಗಳನ್ನು ಬಿಡುವಂತಿಲ್ಲ. & ಚಿಹ್ನೆ < ಗಿಂತ ಮೊದಲು ಅಂಟಿಕೊಳ್ಳುತ್ತದೆ.

ನಂಪೈನಲ್ಲಿ ಇಡೀ ಅರೇ (ಸಂಖ್ಯೆಗಳ ಸಾಲು) ಕೊಟ್ಟು ಡೆಫ್ ಕರೆದರೆ "ಟ್ರೂತ್ ವ್ಯಾಲ್ಯೂ ಆಫ್ ಆ್ಯನ್ ಅರೇ" ಅಂತ ಶುರುವಾಗುವ ಎರರ್. ಎನ್‌ಪಿ.ಸೆಲೆಕ್ಟ್ ಅಥವಾ ಎನ್‌ಪಿ.ಪೀಸ್‌ವೈಸ್ ಬಳಸಬೇಕು. ಎರಡನೆಯದರಲ್ಲಿ ಒಂದು ಹಳ್ಳ ಇದೆ: ಉತ್ತರದ ಅರೇ ನೀವು ಕೊಟ್ಟ ಅರೇಯ ಜಾತಿಯದೇ ಆಗಿರುತ್ತದೆ. ಎನ್‌ಪಿ.ಅರೇಂಜ್(0, 31) ಅಂತ ಪೂರ್ಣಾಂಕ ಕೊಟ್ಟರೆ 18 ಲಕ್ಷಕ್ಕೆ 1.6 ಬದಲು 1 ಬರುತ್ತದೆ, ಗ್ರಾಫ್ ಮೆಟ್ಟಿಲಾಗುತ್ತದೆ, ಎರರ್ ಇಲ್ಲ. ಎನ್‌ಪಿ.ಲಿನ್‌ಸ್ಪೇಸ್(0, 30, 1001) ಕೊಡಿ, ಅದು ಯಾವಾಗಲೂ ದಶಮಾಂಶವೇ. ಪೈಥಾನ್‌ನಲ್ಲಿ ಗ್ರಾಫ್ ಎಳೆಯುವ ಮ್ಯಾಟ್‌ಪ್ಲಾಟ್‌ಲಿಬ್‌ಗೆ ಎಕ್ಸ್‌ಕ್ಲೂಡ್ ಇಲ್ಲ. ನೆಗೆತದ ಜಾಗದಲ್ಲಿ ಎನ್‌ಪಿ.ನ್ಯಾನ್ (ಸಂಖ್ಯೆಯಲ್ಲ ಅನ್ನುವ ಗುರುತು) ಒಂದನ್ನು ತೂರಿಸಿದರೆ ಗೆರೆ ಅಲ್ಲಿ ತುಂಡಾಗುತ್ತದೆ.

ಏನನ್ನೂ ಇನ್‌ಸ್ಟಾಲ್ ಮಾಡಲಾಗದಿದ್ದರೆ ಬ್ರೌಸರ್‌ನಲ್ಲೇ ಓಡುವ ಜಿಯೋಜೀಬ್ರಾ ಇದೆ. ಇನ್‌ಪುಟ್‌ನಲ್ಲಿ ಇಫ್(ಎಕ್ಸ್ <= 12, 0, ಎಕ್ಸ್ <= 216/17, ಎಕ್ಸ್ - 12, ...) ಅಂತ ಷರತ್ತು, ಸೂತ್ರ, ಷರತ್ತು, ಸೂತ್ರ, ಕೊನೆಗೆ ಉಳಿದದ್ದು. ಅದಕ್ಕೆ ಮೇಲಿನ ಯಾವ ತಲೆನೋವೂ ಇಲ್ಲ.

ಸ್ಲ್ಯಾಬ್_ರೇಖೆ

ಕೊನೆಯ ಪ್ರಶ್ನೆ. ತೆರಿಗೆ ಸರಿಯಾಗಿ 1 ಲಕ್ಷ ಆಗುವ ಆದಾಯ ಎಷ್ಟು ಅಂತ ಸೇಜ್‌ನಲ್ಲಿ ಕೇಳಿದೆ:

    ಫೈಂಡ್_ರೂಟ್(ತೆರಿಗೆ(ಎಕ್ಸ್) - 1, 12, 20)

17.33 ಅನ್ನುತ್ತಿದೆ. ಗ್ರಾಫ್‌ನಲ್ಲಿ 17.33ರ ನೇರಕ್ಕೆ ತೆರಿಗೆ ಹತ್ತಿರ ಹತ್ತಿರ 1.47 ಇದೆ.

ಬೂಲಿಯನ್_ಬಸವ

ಅದೇ ಆವರಣ ಸರ್, ವೇಷ ಬದಲಿಸಿಕೊಂಡು ಬಂದಿದೆ. ತೆರಿಗೆ(ಎಕ್ಸ್) ಮತ್ತೆ 0.3*ಎಕ್ಸ್ - 4.2 ಆಗಿದೆ, ಅದು 1 ಆಗುವುದು 5.2/0.3, ಅಂದರೆ 17.33ರಲ್ಲಿ. ನೀವು 12ರಿಂದ 16ರೊಳಗೆ ಹುಡುಕು ಅಂದಿದ್ದರೆ ಈ ಮಧ್ಯಂತರದಲ್ಲಿ ಮೂಲವೇ ಇಲ್ಲ ಅಂತ ಎರರ್ ಬಂದು ತಪ್ಪು ಅಲ್ಲೇ ಸಿಗುತ್ತಿತ್ತು. 20ರವರೆಗೆ ಬಿಟ್ಟದ್ದರಿಂದ ಮಾತಿಲ್ಲದೆ ತಪ್ಪು ಉತ್ತರ ಕೊಟ್ಟಿದೆ. ಫೈಂಡ್_ರೂಟ್, ನ್ಯೂಮೆರಿಕಲ್_ಇಂಟಿಗ್ರಲ್ ಎಲ್ಲದಕ್ಕೂ ಪ್ಲಾಟ್‌ನ ನಿಯಮವೇ. ಇಲ್ಲಿ 1 ಕಳೆಯಬೇಕಾದ್ದರಿಂದ ಬರೀ ಹೆಸರು ಕೊಡಲಾಗದು, ಲ್ಯಾಂಬ್ಡಾ ಬೇಕು:

    ಫೈಂಡ್_ರೂಟ್(ಲ್ಯಾಂಬ್ಡಾ ಟಿ: ತೆರಿಗೆ(ಟಿ) - 1, 12.5, 20)

14.6666... ಬರುತ್ತದೆ. ಕೈಲೆಕ್ಕ: 0.6 + 0.15*(ಎಕ್ಸ್ - 12) = 1, ಎಕ್ಸ್ = 12 + 8/3. ಅಂದರೆ 14,66,667 ರೂಪಾಯಿ.